ಹುಮನಾಬಾದ್ ನೋಡಲು ಟೂರ್ ಬಸ್ಸಾ?

ನಮ್ಮೂರು ಮನ್ನಾಏಖೇಳ್ಳಿ. ಹೈದರಾಬಾದಿನಿಂದ ಸೊಲ್ಲಾಪುರದ ಕಡೆ ಹೋಗುವ ಹೈವೇಯಲ್ಲಿದೆ (ಹಳಬರ ಬಾಯಲ್ಲಿ ಇನ್ನೂ ಅದು ನಂಬರ್ 9, ಈಗಿನ ನಂಬರ್ 65). ನೀವು ಯಾವಾಗಲಾದರೂ ನಿದ್ದೆಗಣ್ಣಲ್ಲಿ ದಾಟಿ ಹೋಗಿರುತ್ತೀರಿ. ಇಲ್ಲಿಂದ ಬಸ್ಸು ಹತ್ತುವವರು ಹೈದರಾಬಾದಿನ ದವಾಖಾನೆಗೆ ಹೋಗುತ್ತಾರೆ, ಪುಣೆ-ಮುಂಬೈಗೆ ದುಡಿಯಲು ಹೋಗುತ್ತಾರೆ, ನನ್ನಂಥವರು ಬೆಂಗಳೂರಿಗೆ ಕೋಡ್ ಕುಟ್ಟಲು ಹೋಗುತ್ತಾರೆ. ಸುಮ್ಮನೆ ನೋಡಿಕೊಂಡು ಬರೋಣ ಅಂತ ಬಸ್ಸು ಹತ್ತಿದವರನ್ನು ನಾನಂತೂ ಕಂಡಿರಲಿಲ್ಲ.

ಹಾಗಾಗಿ ಕಳೆದ ಎಳ್ಳ ಅಮಾವಾಸಿ ಮುಗಿದ ಮೇಲೆ, ಓಣಿಯವರೆಲ್ಲ ಸೇರಿ ಒಂದು ದಿನಕ್ಕೆ ಬಸ್ಸು ಮಾಡೋಣ, ಹುಮನಾಬಾದ್, ಮಾಣಿಕನಗರ, ಜಲಸಂಗಿ, ಬಸವಕಲ್ಯಾಣ ನೋಡಿ ರಾತ್ರಿಯೊಳಗೆ ಮನೆ ಸೇರೋಣ ಅಂದಾಗ ಎಲ್ಲರೂ ನಕ್ಕರು. "ಹುಮನಾಬಾದ್ ನೋಡ್ಲಾಕ ಟೂರ್ ಬಸ್ಸಾ? ಸಂತಿಗಿ ದಿನಾ ಹೋಗಿ ಬರ್ತೀವಲ್ಲೋ" ಅಂದ್ರು ಅಪ್ಪ. ಅವರ ಎರಡನೇ ತಕರಾರು ಇನ್ನೂ ಗಟ್ಟಿಯಾಗಿತ್ತು. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ಹಂಗಿದ್ದ ಮೇಲೆ ದುಡ್ಡು ಕೊಟ್ಟು ಯಾಕೆ ಹೋಗಬೇಕು?

ಉತ್ತರ ಕೊಟ್ಟವಳು ಆಯಿ, ಅಂದರೆ ನಮ್ಮಪ್ಪನ ಅವ್ವ. ವಯಸ್ಸು ಎಪ್ಪತ್ತೆಂಟರ ಆಸುಪಾಸು, ಮೊಣಕಾಲು ನೋವು, ಮಾತು ಮಾತ್ರ ಖಡಕ್.

"ಆ ಬಸ್ಸು ತಾ ಹೋಗೋ ಕಡಿ ನಮಗ ಒಯ್ತದ. ಇದು ನಾವ್ ಹೇಳಿದ್ ಕಡಿ ಬರ್ತದ. ಮದಿವಿ, ಮಣ್ಣು, ದವಾಖಾನಿ... ಇವು ಮೂರು ಬಿಟ್ಟು ನಾ ಎಂದ್ ಬಸ್ ಹತ್ತೀನಿ ಹೇಳು? ನಾ ಹೊಂಟೀನಿ."

ಅಪ್ಪ ಮತ್ತೆ ಮಾತಾಡಲಿಲ್ಲ :)

ಈ ಹುಚ್ಚು ನನಗೆ ಹತ್ತಿದ್ದು ಐರ್ಲೆಂಡಿನಲ್ಲಿ. 2023ರಲ್ಲಿ ಆಫೀಸಿನ ಕೆಲಸದ ಮೇಲೆ ಮೂರು ತಿಂಗಳು ಡಬ್ಲಿನ್ನಿನಲ್ಲಿದ್ದೆ. ಒಂದು ಶನಿವಾರ ಬಸ್ ಟೂರಿನಲ್ಲಿ ಪಶ್ಚಿಮ ಕರಾವಳಿಯ ಮೋಹರ್ ಬಂಡೆಗಳಿಗೆ ಹೋದೆ. 214 ಮೀಟರ್ ಎತ್ತರದ ಬಂಡೆ, ಕೆಳಗೆ ಅಟ್ಲಾಂಟಿಕ್ ಸಮುದ್ರ, ಚೆನ್ನಾಗೇ ಇದೆ. ಆದರೆ ನನಗೆ ನೆನಪುಳಿದದ್ದು ದಾರಿ. ಹೊಲಗಳ ನಡುವೆ ಬರೀ ಕಲ್ಲು ಜೋಡಿಸಿ ಕಟ್ಟಿದ ಗೋಡೆಗಳು, ಕುರಿಗಳು, ಮೇಲೆ ಐರಿಷ್ ಕೆಳಗೆ ಇಂಗ್ಲಿಷಿನಲ್ಲಿ ಬರೆದ ಊರಿನ ಬೋರ್ಡುಗಳು. ಡ್ರೈವರೇ ಗೈಡು. ಮೈಕಿನಲ್ಲಿ ಪ್ರತಿ ಗೋಡೆಗೂ, ಪ್ರತಿ ಮುರುಕು ಕೋಟೆಗೂ ಒಂದು ಕಥೆ ಹೇಳುತ್ತಿದ್ದ. ನಮ್ಮ ಕಡೆ ಬೋರ್ಡಿನ ಮೇಲೆ ಎರಡಲ್ಲ, ಬಾಯಲ್ಲಿ ನಾಲ್ಕು ಭಾಷೆ ಇದೆ: ಕನ್ನಡ, ಉರ್ದು, ಮರಾಠಿ, ತೆಲುಗು. ಕಥೆ ಕಡಿಮೆ ಇದ್ದೀತೇ? ಹೇಳುವವರು ಮೈಕು ಹಿಡಿದಿಲ್ಲ, ಅಷ್ಟೇ.

ಆರು ಗಂಟೆಗೆ ಬರುತ್ತೇನೆಂದ ಬಸ್ಸು ಏಳೂವರೆಗೆ ಬಂತು. ನಲವತ್ತು ಜನರಲ್ಲಿ ಮುಕ್ಕಾಲು ಪಾಲು ಹೆಂಗಸರು. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಮೊಸರು. ನಾನು ಮೈಕು ಹಿಡಿದು ಡಬ್ಲಿನ್ನಿನ ಡ್ರೈವರನ ಥರ ಚಾಲುಕ್ಯರ ಇತಿಹಾಸ ಶುರು ಮಾಡಿದೆ. ಐದು ನಿಮಿಷ ಕೇಳಿದರು. ಆಮೇಲೆ ಬಸ್ಸೆಲ್ಲ ಅವರದೇ. ಈ ಊರಿನ ಎಮ್ಮೆ ಹೆಂಗೆ, ಆ ಊರಿಗೆ ಯಾರ ಮಗಳನ್ನು ಕೊಟ್ಟಿದೆ, ಯಾರ ಹೊಲದಲ್ಲಿ ಈ ವರ್ಷ ತೊಗರಿ ಜೋರು... ಕಿಟಕಿಯಾಚೆ ಒಂದು ಮಗ್ಗುಲಿಗೆ ಕೆಂಪು ನೆಲ, ಇನ್ನೊಂದು ಮಗ್ಗುಲಿಗೆ ಕಪ್ಪು ನೆಲ, ನಡುವೆ ಕಬ್ಬಿನ ಟ್ರಾಕ್ಟರುಗಳ ಸಾಲು.

ಹುಮನಾಬಾದಿನಲ್ಲಿ ವೀರಭದ್ರೇಶ್ವರನಿಗೆ ಕಾಯಿ ಒಡೆಸಿ, ಪಕ್ಕದ ಮಾಣಿಕನಗರಕ್ಕೆ ಹೋದೆವು. ಮಾಣಿಕಪ್ರಭುಗಳು (1817-1865) ಹುಟ್ಟಿದ್ದು ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ. ಎಲ್ಲ ಮತವೂ ಒಂದೇ ಎಂದ ಸಕಲಮತ ಸಂಪ್ರದಾಯ ಅವರದು. ನಮ್ಮ ಡ್ರೈವರ್ ಚಾಚಾ ಕೂಡ ಒಳಗೆ ಬಂದು ಕೈಮುಗಿದರು. ಅದರಲ್ಲಿ ವಿಶೇಷ ಏನೂ ಇಲ್ಲ, ಇಲ್ಲಿ ಮೊದಲಿಂದಲೂ ಹಾಗೇ.

ಜಲಸಂಗಿ ಮಾತ್ರ ಬೇರೆಯೇ. ಹುಮನಾಬಾದಿಗೆ ಇಷ್ಟು ಹತ್ತಿರದಲ್ಲಿದ್ದರೂ ಬಸ್ಸಿನಲ್ಲಿದ್ದವರಲ್ಲಿ ಮುಂಚೆ ನೋಡಿದ್ದವರು ಇಬ್ಬರೇ. ಅಲ್ಲಿನ ಕಲ್ಮೇಶ್ವರ ದೇವಸ್ಥಾನದ ಹೊರಗೋಡೆಯ ತುಂಬ ಹೆಣ್ಣುಗಳು. ಕನ್ನಡಿ ಹಿಡಿದವಳು, ಕುಣಿಯುವವಳು... ಅವರ ನಡುವೆ ಒಬ್ಬಳು ಹಲಗೆಯ ಮೇಲೆ ಅಕ್ಷರ ಬರೆಯುತ್ತ ನಿಂತಿದ್ದಾಳೆ. ಪುಸ್ತಕಗಳಲ್ಲಿ ಆಕೆಗೆ 'ಶಾಸನ ಸುಂದರಿ' ಅಂತ ಹೆಸರು. ಕಲ್ಯಾಣವನ್ನು 1076ರಿಂದ 1126ರವರೆಗೆ ಆಳಿದ ಆರನೇ ವಿಕ್ರಮಾದಿತ್ಯನ ಹೊಗಳಿಕೆಯನ್ನು ಆಕೆ ಸಂಸ್ಕೃತದಲ್ಲಿ ಬರೆದಿದ್ದಾಳೆ.

ಆಯಿ ನನ್ನ ಭುಜ ಹಿಡಿದು ನಿಂತು ಬಹಳ ಹೊತ್ತು ನೋಡಿದಳು. ಆಯಿಗೆ ಓದು ಬರಹ ಬರುವುದಿಲ್ಲ.

"ಏನ್ ಬರದಾಳ ತಮ್ಮಾ?"

"ಏಳು ದ್ವೀಪದ ಭೂಮಿ ಎಲ್ಲಾ ವಿಕ್ರಮಾದಿತ್ಯ ರಾಜಂದು ಆಗ್ತದಂತ ಬರದಾಳ ಆಯಿ."

"ಮತ್ತ ತಂದು?"

"ತಂದು ಅಂದ್ರ?"

"ಇಷ್ಟ್ ಚಂದ್ ಹೆಣ್ಮಗಳು, ಇಷ್ಟ್ ಚಂದ್ ಅಕ್ಷರ... ತಂದು ಏನೂ ಬರಕೊಂಡಿಲ್ಲೇನು?"

ನಾನು ಆ ಶಿಲ್ಪದ ಬಗ್ಗೆ ಓದಿದ್ದೆಲ್ಲ ಆಕೆಯ ನಿಲುವು, ಒಡವೆ, ಶಿಲ್ಪಿಯ ಕೈಚಳಕದ ಬಗ್ಗೆ. ಈ ಪ್ರಶ್ನೆಯನ್ನು ಎಲ್ಲೂ ಓದಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಪಾಪ ಆಕೆ ಮ್ಯಾನೇಜರ್ ಹೇಳಿದ ಸ್ಟೇಟಸ್ ರಿಪೋರ್ಟ್ ಬರೆಯುತ್ತ ಒಂಬೈನೂರು ವರ್ಷದಿಂದ ನಿಂತಿದ್ದಾಳೆ.

ಅಲ್ಲೇ ಮರದ ಕೆಳಗೆ ಬುತ್ತಿ ಬಿಚ್ಚಿ ಉಂಡು, ಮತ್ತೆ ಹೈವೇ ಹಿಡಿದು ಹೊರಟೆವು. ಸಸ್ತಾಪುರ ಬಂಗ್ಲಾದ ಲಾರಿ ಗ್ಯಾರೇಜುಗಳ ಹತ್ತಿರ ತಿರುಗಿದರೆ ಬಸವಕಲ್ಯಾಣದ ದಾರಿ. ಕೋಟೆಯ ಮೆಟ್ಟಿಲು ಮುದುಕಿಯರಿಗೆ ಬೇಡವೆಂದು ಹುಡುಗರು ಮಾತ್ರ ಓಡಿ ಹೋಗಿ ಬಂದರು. 108 ಅಡಿಯ ಬಸವಣ್ಣನ ಮೂರ್ತಿ ನೋಡಿ ಅನುಭವ ಮಂಟಪದಲ್ಲಿ ಕೂತೆವು. 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದ, 770 ಕಂಬಗಳ ಹೊಸ ಮಂಟಪದ ಕೆಲಸ ನಾವು ಹೋದಾಗ ನಡೆದಿತ್ತು.

ಅಲ್ಲಿ ಮೈಕಿಲ್ಲದೆ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿದೆ. ಗಂಡ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುವವನು. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದ. ಇಷ್ಟೇಕೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂತ ವಾಪಸ್ಸು ಕಳಿಸಿದಳು. ನೂಲುವ ಕದಿರ ರೆಮ್ಮವ್ವೆ, ಭತ್ತ ಕುಟ್ಟುವ ಕೊಟ್ಟಣದ ಸೋಮವ್ವೆ, ಸೂಳೆ ಸಂಕವ್ವೆ... ಮೂವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳ ವಚನಗಳು ನಮಗೆ ಉಳಿದಿವೆ. ಅವರೆಲ್ಲ ಹೇಳಿದ್ದು ತಮ್ಮ ಕೆಲಸದ ಮಾತು, ತಮ್ಮ ಮನೆಯ ಮಾತು, ತಮ್ಮ ದೇವರ ಮಾತು. ರಾಜನ ಹೊಗಳಿಕೆಯಲ್ಲ.

ಹೊಲದಲ್ಲಿ ಉದುರಿದ ಶೇಂಗಾ ಆಯ್ದು ಮಕ್ಕಳನ್ನು ಸಾಕಿದ ಹೆಂಗಸರು ಅಲ್ಲಿ ಬಹಳ ಜನ ಇದ್ದರು. ಯಾರೂ ಮಾತಾಡಲಿಲ್ಲ. ಕೊನೆಗೆ ಆಯಿ ಕೇಳಿದಳು, "ಇವ್ರಿಗೆಲ್ಲ ಬರೀಲಾಕ ಬರ್ತಿತ್ತೇನು?"

"ಬರಬೇಕಂತ ಏನಿಲ್ಲ ಆಯಿ. ಹೇಳಿದ್ರೂ ಸಾಕು, ಯಾರರೆ ಬರಕೋತಾರ."

ಜಲಸಂಗಿಯ ಆ ಕಲ್ಲಿಗೂ ಈ ಹೆಂಗಸರ ಮಾತಿಗೂ ನಡುವೆ ಇರುವುದು ಅರ್ಧ ಶತಮಾನದಷ್ಟು ಕಾಲ, ಬಸ್ಸಿನಲ್ಲಿ ಒಂದು ತಾಸಿನ ದಾರಿ. ಎರಡನ್ನೂ ಒಂದೇ ದಿನ ನೋಡಿದ್ದಕ್ಕೆ ಇದು ಹೊಳೆಯಿತು. ಬೇರೆ ಬೇರೆ ದಿನ ನೋಡಿದ್ದರೆ ಎರಡು ಫೋಟೋ ತೆಗೆದುಕೊಂಡು ಬರುತ್ತಿದ್ದೆ.

ವಾಪಸ್ಸು ಬರುವಾಗ ಕತ್ತಲಾಗಿತ್ತು. ಹಿಂದಿನ ಸೀಟಿನವರು ಮೈಕು ಕಸಿದುಕೊಂಡು ಹಾಡು ಶುರು ಮಾಡಿದ್ದರು. ಹುಮನಾಬಾದ್ ದಾಟಿದ ಮೇಲೆ ಹೈವೇಯಿಂದ ಒಳಗೆ ಹೋಗುವ ಒಂದು ಸಣ್ಣ ರಸ್ತೆಯನ್ನು ಕಿಟಕಿಯಿಂದ ತೋರಿಸಿ ಆಯಿ ಹೇಳಿದಳು: "ಆ ರೋಡಿನ ಕಲ್ಲು ನಾ ಒಡದೀನಿ. ಬಾಹತ್ತರದ ಬರಗಾಲದಾಗ. ನಿಮ್ಮಪ್ಪ ಬಗಲಾಗಿದ್ದ."

1972ರ ಬರಗಾಲ. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದು ಕೂಲಿ. ಇಪ್ಪತ್ತೇಳು ವರ್ಷ ಅದೇ ಮನೆಯಲ್ಲಿ ಬೆಳೆದವನಿಗೆ ಈ ಸಂಗತಿ ಗೊತ್ತಿರಲಿಲ್ಲ. ಆಯಿ ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ಆ ರಸ್ತೆಯ ಎದುರು ಯಾರೂ ಆಕೆಯನ್ನು ಬಿಡುವಾಗಿ ಕೂರಿಸಿರಲಿಲ್ಲ. ಮೊಬೈಲ್ ತೆಗೆದು ರೆಕಾರ್ಡ್ ಒತ್ತಿದೆ. ಊರು ಬರುವವರೆಗೂ ಮಾತಾಡಿದಳು. ಒಣಗಿದ ಬಾವಿಗಳ ಹೆಸರು, ಕೂಲಿಗೆ ಕೊಟ್ಟ ಜೋಳದ ಲೆಕ್ಕ, ಜೊತೆಗೆ ಕಲ್ಲು ಒಡೆದ ಗೆಳತಿಯರ ಹೆಸರು.

ಆ ರಸ್ತೆಯಲ್ಲಿ ಆಕೆಯ ಹೆಸರಿನ ಕಲ್ಲು ಯಾವುದೂ ಇಲ್ಲ. ಅದಕ್ಕೇ ಇಲ್ಲಿ ಇಷ್ಟು ಬರೆದಿಟ್ಟೆ.

ಮುಂದಿನ ಎಳ್ಳ ಅಮಾವಾಸಿಗೆ ಬೀದರ ಕಿಲ್ಲಾ ಅಂತ ಓಣಿಯವರು ಆಗಲೇ ತೀರ್ಮಾನ ಮಾಡಿದ್ದಾರೆ. ಈ ಸಲ ಅಪ್ಪನೂ ದುಡ್ಡು ಕೊಟ್ಟು ಹೆಸರು ಬರೆಸಿದ್ದಾರೆ :) ನಿಮ್ಮ ಮನೆಯಲ್ಲೂ ಆಯಿಯೋ ಅಜ್ಜಿಯೋ ಇದ್ದರೆ, ಒಂದು ದಿನ ಕಿಟಕಿ ಪಕ್ಕದ ಸೀಟು ಕೊಟ್ಟು ಹತ್ತಿರದ ಊರುಗಳನ್ನೇ ಸುತ್ತಿಸಿ ನೋಡಿ. ಏನು ಹೇಳಿದರು ಅಂತ ಬರೆಯಿರಿ, ನಾನು ಓದುತ್ತೇನೆ.