ಮೇಲೋ, ಕೆಳಗೋ?

ಓಡುವ ರೈಲಿನಲ್ಲಿ ಕುಳಿತ ಮಗುವಿಗೆ ಮರಗಳೇ ಹಿಂದಕ್ಕೆ ಓಡುವಂತೆ ತೋರುತ್ತದೆ; ಓಡುತ್ತಿರುವುದು ರೈಲೆಂದು ಹಿರಿಯರು ನಕ್ಕು ತಿದ್ದುತ್ತಾರೆ. ಲ್ಯಾಪ್‌ಟಾಪಿನ ತೆರೆಯ ಮುಂದೆ ಹಾಗೆ ತಿದ್ದುವುದು ಸುಲಭವಲ್ಲ. ಬೆರಳು ಸರಿಸುವುದು ಬರಹವನ್ನೋ, ಅದನ್ನು ನೋಡುವ ಕಿಟಕಿಯನ್ನೋ? ಕಿಟಕಿಯನ್ನೆಂದರೆ, ಬೆರಳು ಇಳಿದಾಗ ಬರಹ ಮೇಲೇರಬೇಕು. 1996ರಲ್ಲಿ ಮೈಕ್ರೋಸಾಫ್ಟಿನ ಇಂಟೆಲ್ಲಿಮೌಸ್ ಜನಪ್ರಿಯಗೊಳಿಸಿದ ಚಕ್ರ ಈ ಮತದ್ದು. ಬರಹವನ್ನೆಂದರೆ, ಬೆರಳಿನೊಡನೆ ಅದೂ ಇಳಿಯಬೇಕು. ಮೊಬೈಲಿನ ಗಾಜು ಕಲಿಸಿದ್ದು ಇದನ್ನು. 2011ರಲ್ಲಿ ಆಪಲ್ ಕಂಪನಿ ತನ್ನ ಮ್ಯಾಕ್ ಗಣಕಗಳಿಗೂ ಇದನ್ನೇ ವಿಧಿಸಿ ‘ಸಹಜ’ವೆಂದು ಹೆಸರಿಟ್ಟಿತು. ಎದುರು ಪಕ್ಷವನ್ನು ಅಸಹಜವೆನ್ನದೆ ಬಿಟ್ಟದ್ದೇ ದೊಡ್ಡ ಉಪಕಾರ!

ಮೈಸೂರಿನ ನಿವೃತ್ತ ಮೇಷ್ಟರೊಬ್ಬರಿಗೆ ಈ ಮತಭೇದದ ಸುಳಿವೇ ಇರಲಿಲ್ಲ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಾಗ, ಮಗ ಅವರ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟು ಬೆಂಗಳೂರಿಗೆ ಹೊರಟುಹೋದ. ಅಂದಿನಿಂದ ಮುಂದಿನ ಸಾಲಿಗೆಂದು ಬೆರಳಾಡಿಸಿದರೆ ಹಿಂದಿನ ಸಾಲೇ ಬರತೊಡಗಿತು. ಮೇಷ್ಟರು ಯಂತ್ರವನ್ನು ಸಂಶಯಿಸಲಿಲ್ಲ. ಅವರ ಅಣ್ಣನ ಮರೆವಿನ ಕಾಯಿಲೆ ಮೊದಲಾದದ್ದು ಇಂಥವೇ ಸಣ್ಣ ತಪ್ಪುಗಳಿಂದ: ಷರಟಿನ ಗುಂಡಿ, ಬೀಗದ ಕೈ. ಮೊಬೈಲಿಗೆ ಒಗ್ಗಿದ ಹೆಂಡತಿಗೆ ಅದೇ ಯಂತ್ರದಲ್ಲಿ ಯಾವ ತೊಡಕೂ ಇಲ್ಲದ್ದು ಅವರ ಭಯವನ್ನು ಗಟ್ಟಿಮಾಡಿತು. ಯಾರಿಗೂ ಹೇಳದೆ ಅದರ ಸಹವಾಸವನ್ನೇ ಬಿಟ್ಟರು. ಹಳೆಯ ಪುಸ್ತಕಗಳ ಓದು ಎರಡು ತಿಂಗಳು ನಿಂತಿತು.

ಸಂಕ್ರಾಂತಿಗೆ ಬಂದ ಮಗನೊಡನೆ ತಾಯಿ, “ನಿಮ್ಮಪ್ಪ ಓದೋದನ್ನೇ ಬಿಟ್ಟಿದ್ದಾರೆ ಕಣೋ, ಕೇಳಿದರೆ ಮಾತೇ ಆಡಲ್ಲ” ಎಂದರು. ಅವನು ತಂದೆಯನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ಅವರ ಬೆರಳನ್ನೇ ನೋಡುತ್ತ ಕುಳಿತ.

“ಅಪ್ಪಾ, ನಿಮ್ಮ ಕೈ ಸರಿಯಾಗೇ ಇದೆ. ತಿರುಗಿಬಿದ್ದಿರೋದು ಇದು.”

“ಮರೆವಲ್ಲ ತಾನೆ?” ಮೇಷ್ಟರು ಎರಡು ಸಲ ಕೇಳಿದರು.

ಮದ್ದು ಹತ್ತಿರದಲ್ಲೇ ಇತ್ತು. ಗ್ನೋಮ್ ಎಂಬ ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್ ತೆರೆದು, ಟಚ್‌ಪ್ಯಾಡಿನ ವಿಭಾಗದಲ್ಲಿ ಸ್ಕ್ರೋಲಿಂಗಿನ ದಿಕ್ಕನ್ನು ‘ಸಹಜ’ದಿಂದ ‘ಸಾಂಪ್ರದಾಯಿಕ’ಕ್ಕೆ ಬದಲಿಸಿದರಾಯಿತು. ಈ ಆಯ್ಕೆ ಬಳಕೆದಾರರ ಖಾತೆಗೆ ಸೇರಿದ್ದು. ತಾಯಿಗೆ ಬೇರೊಂದು ಖಾತೆ ತೆರೆದದ್ದರಿಂದ ಒಂದೇ ಯಂತ್ರದಲ್ಲಿ ಎರಡು ಸಂಪ್ರದಾಯಗಳು ನೆಲೆಸಿದವು.

ವೇಗದ ವಿಷಯ ಮಾತ್ರ ಬಗೆಹರಿಯಲಿಲ್ಲ. ಬೆರಳಿನ ಚಲನೆಯನ್ನು ಅರ್ಥೈಸುವ ಲಿಬ್‌ಇನ್‌ಪುಟ್ ಎಂಬ ತಂತ್ರಾಂಶ ದಿಕ್ಕನ್ನು ತಿರುಗಿಸಬಲ್ಲದು. ಸ್ಕ್ರೋಲಿಂಗಿನ ವೇಗವನ್ನು ಡೆಸ್ಕ್‌ಟಾಪಿನವರ ವಿವೇಚನೆಗೇ ಬಿಟ್ಟಿದೆ. ಕೆಡಿಇ ಪ್ಲಾಸ್ಮಾದಲ್ಲಿ ಅದಕ್ಕೊಂದು ಆಯ್ಕೆಯುಂಟೆಂದು ಮಗ ಹೇಳಿದ. ಮೇಷ್ಟರು ಇನ್ನೊಂದು ಮತಾಂತರಕ್ಕೆ ಒಪ್ಪಲಿಲ್ಲ. ಬರಹ ಅತಿಯಾಗಿ ಓಡಿದಾಗ ಪೇಜ್ ಡೌನ್ ಗುಂಡಿಯನ್ನೇ ಒತ್ತಿಕೊಂಡು ಓದುತ್ತಾರೆ.