ಛೇದವೋ, ದಯೆಯೋ?

ಕಾವೇರಿ ತೀರದ ಹೆಮ್ಮಿಗೆಯಂತಹ ಊರಿನಲ್ಲಿ ಹೆಣ್ಣುನಾಯಿ ಸಾಕಿದ ಶ್ರಾವಕನಿಗೆ ಒಂದು ಧರ್ಮಸಂಕಟ ತಪ್ಪದು: ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬಹುದೇ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಛೇದವೆಂದರೆ ಅಂಗವನ್ನು ಕತ್ತರಿಸುವುದು. ಅಂಡಾಶಯ, ಗರ್ಭಕೋಶಗಳನ್ನು ತೆಗೆಸುವವನ ಮನಸ್ಸನ್ನು ಆ ಮಾತು ಚುಚ್ಚದಿರದು.

ಮಾಡಿಸದಿದ್ದರೆ? ಬೆದೆಗೆ ಬಂದಾಗಲೆಲ್ಲ ನಾಯಿಯನ್ನು ವಾರಗಟ್ಟಲೆ ಸರಪಳಿಯಲ್ಲಿ ಬಿಗಿದರೆ ಅದು ಬಂಧ. ಬಿಟ್ಟರೆ, ಗರ್ಭ ಧರಿಸಿದ ಸುಮಾರು 63 ದಿನಗಳಿಗೆ ನಾಲ್ಕಾರು ಮರಿಗಳು. ಗಂಡುಮರಿಯನ್ನು ಯಾರಾದರೂ ಒಯ್ದಾರು. ಹೆಣ್ಣುಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ಹೊಳೆದಂಡೆಯಲ್ಲಿ ಬಿಟ್ಟುಬರುವುದು ಕಂಡದ್ದೇ. ಇನ್ನೂ ಮೊಲೆಯುಣ್ಣುವ ಮರಿಗೆ ಅದು ಅನ್ನಪಾನನಿರೋಧವಲ್ಲದೆ ಮತ್ತೇನು? ತನ್ನ ನಾಯಿಯ ಮೈಗೆ ಶಸ್ತ್ರ ತಾಗಲಿಲ್ಲವೆಂಬ ಸಮಾಧಾನದಿಂದ ಆ ಪಾಪ ಅಳಿಯದು.

ಸೂತ್ರಕಾರರು ಹಿಂಸೆಯ ಬೇರನ್ನು ಪ್ರಮಾದದಲ್ಲಿ ಕಂಡರು. ಮುಂದಾಗುವುದನ್ನು ಬಲ್ಲವನು ಸುಮ್ಮನಿರುವುದೂ ಪ್ರಮಾದವೇ. ಕೇಂದ್ರ ಸರ್ಕಾರದ 2001ರ ನಿಯಮಗಳೂ ಅವುಗಳ ಬದಲಿಗೆ ಬಂದ 2023ರ ನಿಯಮಗಳೂ ಸಾಕುನಾಯಿಯ ಸಂತಾನನಿಯಂತ್ರಣದ ಹೊಣೆಯನ್ನು ಸಾಕಿದವರ ಮೇಲೆಯೇ ಇಟ್ಟಿವೆ. ಆದ್ದರಿಂದ ಪಶುವೈದ್ಯರಿಂದ, ಅರಿವಳಿಕೆ ಕೊಡಿಸಿ, ಮಾಡಿಸುವುದೇ ಮೇಲು. ಆದರೆ ಅದನ್ನು ಪುಣ್ಯವೆಂದು ಎಣಿಸದೆ, ಅತಿಚಾರವೆಂದೇ ಒಪ್ಪಿ ಪ್ರತಿಕ್ರಮಣ ಮಾಡಿ, ಗಾಯ ಮಾಯುವವರೆಗೂ, ಅನಂತರ ಅದು ಬದುಕಿರುವವರೆಗೂ ಆ ಜೀವವನ್ನು ಕೈಬಿಡದಿರುವುದು ಗೃಹಸ್ಥನ ಧರ್ಮ.