ವಾಲ್ ಟ್ಯೂಬಿನ ಪುರಾಣ

ಕುಕ್ಕರಿನ ಗ್ಯಾಸ್ಕೆಟ್ಟು ಹೋದರೆ ನಾವು ಹೆಂಗಸರು ಯಾರನ್ನೂ ಕಾಯುವುದಿಲ್ಲ, ಹೊಸದು ತಂದು ಹಾಕುತ್ತೇವೆ. ಅಂಗಳದ ಸೈಕಲ್ಲಿನ ಗಾಳಿ ಹೋದರೆ ಮಾತ್ರ ಮನೆಯ ಗಂಡಸರಿಗೆ ಪುರುಸೊತ್ತಾಗಬೇಕು! ಎರಡೂ ರಬ್ಬರಿನದೇ ವ್ಯವಹಾರವಲ್ಲವೇ? ಸಿದ್ದಾಪುರ, ಯಲ್ಲಾಪುರ, ಶಿರಸಿ ಎಂದು ಮೂರು ತಾಲೂಕಿನ ಶಾಲೆಗಳಲ್ಲಿ 'ಅಕ್ಕೋರು' ಅನ್ನಿಸಿಕೊಂಡ ನನಗೆ ಸೈಕಲ್ ಹೊಡೆಯಲು ಇವತ್ತಿಗೂ ಬಾರದು. ಆದರೆ ಅದರ ಗಾಳಿ ಹಿಡಿಯುವ ವಾಲ್ವಿನ ಬಗ್ಗೆ ಒಂದು ಪೀರಿಯಡ್ಡು ಪಾಠ ಮಾಡಬಲ್ಲೆ.

ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾದಾಗ ನಾನು ಸಿದ್ದಾಪುರ ತಾಲೂಕಿನ ಹಳ್ಳಿಯೊಂದರಲ್ಲಿದ್ದೆ. ಐದಾರು ಕಿಲೋಮೀಟರು ಕಾಡುದಾರಿ ನಡೆಯುತ್ತಿದ್ದ ಹುಡುಗಿಯರಿಗೆ ರೆಕ್ಕೆ ಬಂದಂತಾಯಿತು. ಆದರೆ ಕೆಲವು ತಿಂಗಳಲ್ಲೇ ಒಬ್ಬಳು ವಾರಕ್ಕೆರಡು ದಿನ ತಪ್ಪಿಸತೊಡಗಿದಳು. ಕೇಳಿದರೆ, "ಅಕ್ಕೋರೇ, ಗಾಳಿ ನಿಲ್ಲೂದೇ ಇಲ್ಲ" ಎಂದಳು. ಸೈಕಲ್ ಶಾಪು ಇದ್ದದ್ದು ಪೇಟೆಯಲ್ಲಿ. ಅಪ್ಪನಿಗೆ ಕೂಲಿ ಬಿಟ್ಟು ಹೋಗಲಾಗದು. ಕತ್ತಲಲ್ಲಿ ನಡೆದು ಬರುವುದಾದರೆ ಶಾಲೆಯೇ ಬೇಡವೆಂದು ಅಜ್ಜಿ ತೀರ್ಪು ಕೊಟ್ಟಾಗಿತ್ತು.

ಸಂತೆಯ ದಿನ ನಾನೇ ಶಾಪಿನವನನ್ನು ಕೇಳಿದೆ. ಅವನು ವಾಲ್ವಿನ ನಟ್ಟು ಬಿಚ್ಚಿ ಒಳಗಿನ ಪುಟ್ಟ ಲೋಹದ ಕಡ್ಡಿ ತೋರಿಸಿದ. ಕಡ್ಡಿಯ ಪಕ್ಕದಲ್ಲೊಂದು ತೂತು, ತೂತಿನ ಮೇಲೆ ತೆಳ್ಳನೆಯ ರಬ್ಬರ್ ಕೊಳವೆ. ಅದೇ ವಾಲ್ ಟ್ಯೂಬು. ಪಂಪು ಹೊಡೆದಾಗ ಗಾಳಿ ಈ ರಬ್ಬರನ್ನು ಸರಿಸಿಕೊಂಡು ಒಳಹೋಗುತ್ತದೆ. ಆಮೇಲೆ ಒಳಗಿನ ಗಾಳಿಯೇ ರಬ್ಬರನ್ನು ಅದುಮಿ ತೂತು ಮುಚ್ಚುತ್ತದೆ. ರಬ್ಬರು ಹಳತಾಗಿ ಸೀಳಿತೋ, ಪಂಚರಿಲ್ಲದೆಯೂ ಗಾಳಿ ಸೋರುತ್ತದೆ. ಮದ್ದು ಸುಲಭ: ಇಂಚಿನಷ್ಟು ಹೊಸ ಕೊಳವೆ ಕತ್ತರಿಸಿ, ಒದ್ದೆ ಮಾಡಿ, ಕಡ್ಡಿಗೆ ಏರಿಸುವುದು. ಮೊಳದಷ್ಟು ತಂದು ಚಾಕ್‌ಪೀಸಿನ ಡಬ್ಬಿಯಲ್ಲಿಟ್ಟೆ. ಹುಡುಗಿಯರೆಲ್ಲ ಒಂದೇ ಮಧ್ಯಾಹ್ನದಲ್ಲಿ ಕಲಿತರು. ಅವಳು ಎಸ್ಸೆಸ್ಸೆಲ್ಸಿ ಮುಗಿಸಿಯೇ ಶಾಲೆ ಬಿಟ್ಟಳು.

1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿಯ ಟೈರು ಮಾಡಿದನಂತಲ್ಲ, ಈ ವಾಲ್ವಿಗೂ ಅವನದೇ ಹೆಸರು ಅಂಟಿಕೊಂಡಿದೆ.

ಮುಂದೆ ಯಲ್ಲಾಪುರ ತಾಲೂಕಿಗೆ, ಮಂಚಿಕೇರಿಯ ಕಡೆಗೆ ವರ್ಗವಾಯಿತು. ಅಲ್ಲಿ ಕೆಲವು ಹುಡುಗರು ದಪ್ಪ ಟೈರಿನ ಗೇರ್ ಸೈಕಲ್ ತರುತ್ತಿದ್ದರು. ಅದರ ವಾಲ್ವು ಸ್ಕೂಟರಿನದರಂತೆಯೇ. ಶ್ರೇಡರ್ ಎಂದು ಹೆಸರು, 1893ರ ಪೇಟೆಂಟು. ನಡುವೆ ಸ್ಪ್ರಿಂಗಿನ ಮೊಳೆಯಿದೆ. ಅದುಮಿದರೆ ಗಾಳಿ ಬುಸ್ಸೆನ್ನುತ್ತದೆ. ಜಗಳವಾಡಿದ ಹುಡುಗರು ಸೇಡು ತೀರಿಸಿಕೊಳ್ಳುತ್ತಿದ್ದದ್ದು ಹಾಗೆಯೇ! ಪಂಪು ಹೊಡೆಯಲು ಹಗುರ, ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಾಕಿಸಬಹುದು. ವಾಲ್ ಟ್ಯೂಬಿನ ರಗಳೆಯಿಲ್ಲ. ಆದರೆ ಮೊಳೆ ಕೆಟ್ಟರೆ ಬಿಚ್ಚಲು ಬೇರೆಯದೇ ಚಾವಿ, ಹಾಕಲು ಹೊಸ ಮೊಳೆ ಬೇಕು. ಹಳ್ಳಿಯ ಗೂಡಂಗಡಿಯಲ್ಲಿ ಅದೆಲ್ಲಿ ಸಿಗಬೇಕು?

ಮೂರನೆಯದನ್ನು ನೋಡಿದ್ದು ಶಿರಸಿಯ ನಮ್ಮ ಮನೆಯಂಗಳದಲ್ಲೇ. ಬೆಂಗಳೂರಿನಿಂದ ಅಣ್ಣನ ಮಗ ದುಬಾರಿ ಸೈಕಲ್ ತಂದಿದ್ದ. ವಾಲ್ವು ಸ್ವೆಟರಿನ ಕಡ್ಡಿಯಂತೆ ಸಪೂರ. "ಅತ್ತೆ, ಇದು ಪ್ರೆಸ್ಟಾ, ಫ್ರಾನ್ಸಿನ ಬಗೆ" ಎಂದ. ಶ್ರೇಡರ್ ಎಂಟು ಮಿಲಿಮೀಟರ್ ದಪ್ಪವಾದರೆ ಇದು ಆರೇ. ಸ್ಪ್ರಿಂಗಿಲ್ಲ, ತುದಿಯ ನಟ್ಟು ಸಡಿಲಿಸಿ ಗಾಳಿ ಹೊಡೆದು ಮತ್ತೆ ಬಿಗಿಯಬೇಕು. ತೆಳು ಟೈರಿಗೆ ಹೆಚ್ಚು ಒತ್ತಡದ ಗಾಳಿ ತುಂಬಲು ಇದು ಹೇಳಿ ಮಾಡಿಸಿದ್ದು. ಆದರೆ ಅವನ ಪಂಪು ಬೆಂಗಳೂರಿನಲ್ಲೇ ಉಳಿದಿತ್ತು; ನಮ್ಮ ಪಂಪು ಇದಕ್ಕೆ ಕೂರಲೊಲ್ಲದು. ಎರಡು ಅಂಗಡಿ ಸುತ್ತಿದ ಮೇಲೆ ಮೂರನೆಯದರಲ್ಲಿ ಹಿತ್ತಾಳೆಯ ಅಡಾಪ್ಟರು ಸಿಕ್ಕಿತು.

ಯಾವುದು ಒಳ್ಳೆಯದು ಎಂದು ಕೇಳಿದರೆ ನಾನು ಮನೆ ಎಲ್ಲಿದೆ ಎಂದು ತಿರುಗಿ ಕೇಳುತ್ತೇನೆ. ರೇಸಿನವನಿಗೆ ಸಪೂರದ್ದು, ಪೇಟೆಯವರಿಗೆ ಸ್ಕೂಟರಿನದು. ಸಂಕ ದಾಟಿ, ಕಾಡು ದಾಟಿ ಬರುವ ಹುಡುಗಿಗೆ ಅವಳ ಕೈಯಲ್ಲೇ ರಿಪೇರಿಯಾಗುವ ಹಳೆಯ ವಾಲ್ವೇ ಸರಿ. ಬೇರೆಯವರ ಪುರುಸೊತ್ತು ಕಾದರೆ ಅವಳ ಹಾಜರಿ ಹೋಗುತ್ತದೆ.

ಮಗಳಿಗೆ ಸೈಕಲ್ ಕೊಳ್ಳುವಾಗ ಬಣ್ಣದ ಜೊತೆ ವಾಲ್ವನ್ನೂ ನೋಡಿ. ಅದಕ್ಕೆ ಹೊಂದುವ ಪಂಪು ಮನೆಯಲ್ಲಿರಲಿ. ಹಳೆಯ ಬಗೆಯದಾದರೆ ಅವಳ ಕಂಪಾಸ್ ಬಾಕ್ಸಿನಲ್ಲಿ, ಅಳಿಸುವ ರಬ್ಬರಿನ ಪಕ್ಕ, ಇನ್ನೊಂದು ರಬ್ಬರಿಗೂ ಜಾಗವಿರಲಿ.